ಎಂಬತ್ತೆಂಟನೇ ಪುಟದ ಚುಕ್ಕಿ

ಮನೆತನದ ಇತಿಹಾಸ ಉಳಿಸಬೇಕೆಂಬ ಆಸೆ ಒಂದು ಭಾನುವಾರ ಬೆಳಗ್ಗೆ ಹತ್ತೂವರೆಗೆ ಇಡೀ ಕುಟುಂಬಕ್ಕೆ ಒಟ್ಟಿಗೇ ಹುಟ್ಟಿತು. ಹತ್ತೂ ಮುಕ್ಕಾಲಿಗೆ ಆ ಕೆಲಸ ಪುಟ್ಟಿಯ ತಲೆಗೆ ಬಿತ್ತು. ನಡುವಿನ ಹದಿನೈದು ನಿಮಿಷದಲ್ಲಿ ಯಾರು ಯಾರು ಹೇಗೆ ಹೇಗೆ ನುಣುಚಿಕೊಂಡರು ಎಂಬುದಕ್ಕೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಪೂರ್ತಿ ದಾಖಲೆಯಿದೆ. ಅದನ್ನು ಉಳಿಸಬೇಕೆಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ.

ಶುರು ಮಾಡಿದವನು ಪುಟ್ಟಿಯ ದೊಡ್ಡಣ್ಣನ ಮಗ. ಅವನದು ಕನ್ನಡಕದ ಅಂಗಡಿ; ಜನರ ಕಣ್ಣು ಪರೀಕ್ಷೆ ಮಾಡುವುದರಲ್ಲಿ ಎತ್ತಿದ ಕೈ, ಆದರೆ ತಾನು ಒಂದು ಪುಟಕ್ಕಿಂತ ಉದ್ದದ್ದೇನನ್ನೂ ಓದಿದವನಲ್ಲ. ‘ತಾತನ ಮನೆ ರಿಜಿಸ್ಟರನ್ನ ಡಿಜಿಟಲ್ ಮಾಡೋಣ. ಮುಂದಿನ ಪೀಳಿಗೆಗೆ ಬೇಕಾಗುತ್ತೆ’ ಎಂದು ಬರೆದ. ಮುಂದಿನ ಪೀಳಿಗೆ ಎಂದರೆ ಅವನ ಇಬ್ಬರು ಮಕ್ಕಳು. ಅವರು ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಟಿವಿ ರಿಮೋಟಿಗಾಗಿ ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ಅಕ್ಕ ಐದು ನಿಮಿಷದ ಧ್ವನಿ ಸಂದೇಶ ಕಳಿಸಿದಳು. ಅದರಲ್ಲಿ ನಾಲ್ಕು ನಿಮಿಷ ಹಿರಿಯರ ಋಣದ ಬಗ್ಗೆ, ಒಂದು ನಿಮಿಷ ತನ್ನ ಸೊಂಟನೋವಿನ ಬಗ್ಗೆ. ದೊಡ್ಡಣ್ಣನ ಸೊಸೆ ಮೂರು ಚಪ್ಪಾಳೆ ಹಾಕಿದಳು. ಆಮೇಲೆ ಯಾರೋ ಒಬ್ಬರು, ಯಾರೆಂದು ಪುಟ್ಟಿ ಇವತ್ತಿಗೂ ಮರೆತಿಲ್ಲ, ‘ಪುಟ್ಟತ್ತೆಗೆ ಟೈಪಿಂಗ್ ಬರುತ್ತಲ್ವಾ? ಅವರಿಗೂ ಹೊತ್ತು ಹೋಗುತ್ತೆ’ ಎಂದು ಹಾಕಿದರು. ಅಲ್ಲಿಗೆ ಸಭೆ ಮುಗಿಯಿತು.

ಪುಟ್ಟಿಗೆ ಅರವತ್ತೆರಡು ವರ್ಷ. ಎರಡು ಮಂಡಿಗಳಲ್ಲಿ ಒಂದು ಮಾತು ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ. ಆದರೆ ಈ ಮನೆತನದಲ್ಲಿ ಕೊನೆಗೆ ಬಂದವರು ಕೊನೆಯವರೆಗೂ ಪುಟ್ಟಿಯಾಗಿಯೇ ಇರಬೇಕೆಂದು ಯಾರೋ ಕಾನೂನು ಮಾಡಿಟ್ಟಿದ್ದರು. ಮದುವೆಯಾಗಿರಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು, ಮತ್ತು ಒಬ್ಬಳೇ ಇರುವವರಿಗೆ ದಿನಕ್ಕೆ ನಲವತ್ತೆಂಟು ಗಂಟೆ ಇರುತ್ತದೆಂದು ಮನೆಮಂದಿಯೆಲ್ಲ ನಂಬಿದ್ದರು. ಯಾರದೋ ಮಗುವನ್ನು ನೋಡಿಕೊಳ್ಳಬೇಕೆ, ಯಾರಿಗೋ ಆಸ್ಪತ್ರೆಯಲ್ಲಿ ಜೊತೆ ಕೂರಬೇಕೆ, ‘ಪುಟ್ಟಿ ಇದಾಳಲ್ಲ.’

ಮೂವತ್ತೊಂದು ವರ್ಷ ಅವಳು ನೋಂದಣಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಹಳೆಯ ಪತ್ರಗಳ ನಕಲು ತೆಗೆಯುವುದು ಅವಳ ಕೆಲಸ. ಮೂಲದಲ್ಲಿ ಏನಿದೆಯೋ ಅದು, ಮೂಲದಲ್ಲಿ ಹೇಗಿದೆಯೋ ಹಾಗೆ. ಒಂದು ಕ್ರಯಪತ್ರದಲ್ಲಿ ‘ಸದರಿ ಮನೆಯ ಪಶ್ಚಿಮಕ್ಕೆ ಸದರಿ ಮನೆಯೇ ಇರುತ್ತದೆ’ ಎಂದಿತ್ತು. ಅದನ್ನೂ ಹಾಗೆಯೇ ಹೊಡೆದು ಕೊಟ್ಟಿದ್ದಳು. ಸಾಹೇಬರು ಕರೆದು ಕೇಳಿದಾಗ, ‘ಬರೆದವರ ತಪ್ಪು ಬರೆದವರದು ಸಾರ್, ಅದನ್ನ ನಾನ್ಯಾಕೆ ನನ್ನದು ಮಾಡ್ಕೊಳ್ಳಲಿ?’ ಎಂದಿದ್ದಳು. ಕಚೇರಿಯಲ್ಲಿ ಅವಳ ಕೀರ್ತಿ ಇದ್ದದ್ದು ಇಷ್ಟೇ, ಆದರೆ ಗಟ್ಟಿಯಾಗಿತ್ತು.

ರಿಜಿಸ್ಟರು ಇದ್ದದ್ದು ದೊಡ್ಡಣ್ಣನ ಬೀರುವಿನಲ್ಲಿ, ಬೀಗದೊಳಗೆ. ದೊಡ್ಡಣ್ಣನನ್ನು ಪುಟ್ಟಿ ಮನಸ್ಸಿನಲ್ಲಿ ಸಭಾಪತಿ ಎಂದು ಕರೆಯುತ್ತಿದ್ದಳು. ಎಪ್ಪತ್ತೊಂದು ವರ್ಷದ ಅವನು ಇಬ್ಬರೇ ಕೂತಿದ್ದರೂ ಅದನ್ನು ಸಭೆಯಾಗಿ ಮಾರ್ಪಡಿಸಿ ಅಧ್ಯಕ್ಷತೆ ವಹಿಸಿಕೊಳ್ಳುತ್ತಿದ್ದ. ಬಾಗಿಲಿಗೆ ಯಾವ ಬಣ್ಣ, ಮಗುವಿಗೆ ಯಾವ ಶಾಲೆ, ಹಲ್ಲು ಕೀಳಿಸಬೇಕೆ ತುಂಬಿಸಬೇಕೆ, ಅವನ ಅಭಿಪ್ರಾಯವಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಅಂಥವನು ಈ ವಿಷಯದಲ್ಲಿ ಗುಂಪಿನಲ್ಲಿ ಒಂದೇ ಸಾಲು ಬರೆದಿದ್ದ: ‘ಟೈಪ್ ಎಲ್ಲ ಬೇಡ. ಫೋಟೊ ತೆಗೆದಿಟ್ಟರೆ ಸಾಕು.’

ಎರಡು ದಿನ ಬಿಟ್ಟು ರಿಜಿಸ್ಟರನ್ನು ಟವೆಲಿನಲ್ಲಿ ಸುತ್ತಿ ತಾನೇ ಹೊತ್ತು ತಂದ. ಮಗನ ಕೈಯಲ್ಲಿ ಕಳಿಸಬಹುದಿತ್ತು. ಕುರ್ಚಿಯ ಮೇಲೆ ಕೂತು, ಎದ್ದು, ಮತ್ತೆ ಕೂತು ಅದೇ ರಾಗ ಎಳೆದ.

‘ನೋಡು ಪುಟ್ಟಿ, ಟೈಪ್ ಗೀಪ್ ಏನೂ ಬೇಡ. ಫೋಟೊ ಹೊಡಿ, ಹಾಕು, ಮುಗೀತು.’

‘ಫೋಟೊ ಹೊಡೆಯೋಕೆ ನಾನ್ಯಾಕೆ ಬೇಕು? ನಿನ್ನ ಮಗನಿಗೆ ಕೈ ಇಲ್ವಾ?’

‘ಅಲ್ವೇ, ನಿನ್ನ ಕಣ್ಣಿಗೆ ಆಯಾಸ ಅಂತ ಹೇಳ್ದೆ.’

‘ನನ್ನ ಕಣ್ಣಿನ ಚಿಂತೆ ನಿನಗೆ ಯಾವಾಗಿಂದ ಹತ್ತಿಕೊಂಡಿತು?’

ಸಭಾಪತಿ ಯಾವ ಅಭಿಪ್ರಾಯವನ್ನೂ ಹೇಳದೆ ಟವೆಲು ಮಡಚಿಕೊಂಡು ಎದ್ದ. ಇದು ಅಪರೂಪದ ಸಂಗತಿ, ಪುಟ್ಟಿ ಗಮನಿಸಬೇಕಿತ್ತು. ಆದರೆ ಮೂವತ್ತೊಂದು ವರ್ಷ ಟೈಪ್ ಮಾಡಿದವಳಿಗೆ ಫೋಟೊ ತೆಗೆ ಎಂದರೆ, ಅಡುಗೆಯವನಿಗೆ ನೀರು ಕಾಯಿಸಿ ಕೊಡು ಅಂದ ಹಾಗೆ. ಅವಳಿಗೆ ಮೈ ಉರಿದಿತ್ತು. ಅಂದೇ ನಿರ್ಧಾರ ಮಾಡಿದಳು: ಫೋಟೊವೂ ಇರುತ್ತದೆ, ಒಂದೊಂದು ಅಕ್ಷರ ಟೈಪೂ ಆಗುತ್ತದೆ.

ಅಪ್ಪ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಜೀವನವಿಡೀ ಸಾಮಾನು ಬಂದದ್ದು ಹೋದದ್ದು ಬರೆದು ಬರೆದು ಮನೆಗೂ ಅದೇ ಅಭ್ಯಾಸ ತಂದಿದ್ದರು. ಕೆಂಪು ಬಟ್ಟೆಯ ರಟ್ಟು, ಇನ್ನೂರ ಹನ್ನೆರಡು ಪುಟ, ನಲವತ್ತೊಂದು ವರ್ಷ. ದಿನಾಂಕ, ಅದರ ಮುಂದೆ ಒಂದು ಸಾಲು. ಹೆಂಡತಿಗೆ ಜ್ವರ ಬಂದರೂ ಒಂದು ಸಾಲು, ಕಿಟಕಿಗೆ ಬಣ್ಣ ಹೊಡೆಸಿದರೂ ಒಂದು ಸಾಲು. ಭಾವನೆ ಗೀವನೆಗೆ ಅವರ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ದೊಡ್ಡಣ್ಣ ಹುಟ್ಟಿದ ದಿನ ‘ಗಂಡು ಮಗು ಹುಟ್ಟಿತು ಬೆಳಗ್ಗೆ ಆರು ಹತ್ತು’ ಎಂದು ಬರೆದು, ಕೆಳಗಿನ ಸಾಲಿನಲ್ಲಿ ‘ನಲ್ಲಿ ರಿಪೇರಿ’ ಎಂದು ಬರೆದಿದ್ದರು. ಅಕ್ಕನ ಪಾಲಿಗೆ ‘ಹೆಣ್ಣು ಮಗು ಹುಟ್ಟಿತು ಸಂಜೆ’. ಸಂಜೆ ಎಷ್ಟು ಹೊತ್ತಿಗೆ ಎಂದು ತಿಳಿಯದೆ ಅಕ್ಕನ ಜನ್ಮವೇ ಅಪೂರ್ಣವಾಗಿತ್ತು.

ಪುಟ್ಟಿಯದು ಮಾತ್ರ ಬೇರೆ. ಎಂಬತ್ತೆಂಟನೇ ಪುಟದಲ್ಲಿ, ಅಪ್ಪನ ಸ್ಪಷ್ಟವಾದ ಕೈಬರಹದಲ್ಲಿ: ‘ಹೆಣ್ಣು ಮಗು. ತಂದೆ’. ಹೀಗೆಂದು ಅವಳು ಚಿಕ್ಕಂದಿನಲ್ಲಿ ಓದಿಕೊಂಡಿದ್ದಳು. ಮೂವರು ಮಕ್ಕಳಲ್ಲಿ ಅಪ್ಪ ‘ತಂದೆ’ ಎಂದು ಸಹಿ ಹಾಕಿದ್ದು ಅವಳ ಸಾಲಿಗೆ ಒಂದಕ್ಕೇ. ಈ ಸಹಿಯನ್ನು ಪುಟ್ಟಿ ಜೀವನದುದ್ದಕ್ಕೂ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದವಳು. ಅಕ್ಕ ಬಂಗಾರದ ಬಳೆ ತೋರಿಸಿದರೆ, ‘ನಿನ್ನ ಸಾಲಿಗೆ ಅಪ್ಪ ಸಹಿ ಹಾಕಿದಾರಾ?’ ದೊಡ್ಡಣ್ಣ ಜೋರು ಮಾಡಿದರೆ, ‘ನಲ್ಲಿ ರಿಪೇರಿ ಜೊತೆ ಹುಟ್ಟಿದವನು ಸುಮ್ನಿರು.’ ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೂ ಒಮ್ಮೆ ಅದನ್ನೇ ಹೇಳಿದ್ದಳು: ನಮ್ಮಪ್ಪ ಸಹಿ ಹಾಕಿ ಇಟ್ಟುಕೊಂಡವಳು ನಾನು, ಇನ್ಯಾರಿಗೋ ಹೇಗೆ ಹೋಗಲಿ?

ಕನ್ನಡಕದ ಅಂಗಡಿಯವನು ಸ್ಕ್ಯಾನರ್ ಕಳಿಸಿಕೊಟ್ಟ. ಕುಟುಂಬಕ್ಕೆ ತನ್ನ ಕೊಡುಗೆ ಎಂದು ಅದರ ಫೋಟೊ ಮೂರು ಕೋನದಿಂದ ಗುಂಪಿನಲ್ಲಿ ಹಾಕಿದ. ಪುಟ್ಟಿ ದಿನವೂ ಬೆಳಗ್ಗೆ ಹತ್ತರಿಂದ ಒಂದರವರೆಗೆ, ಎರಡರಿಂದ ಐದರವರೆಗೆ, ಕಚೇರಿಯ ಹೊತ್ತಿನಲ್ಲೇ ಕೂತಳು. ಪುಟ ಮಗುಚುವುದು, ಗಾಜಿನ ಮೇಲೆ ಒತ್ತಿ ಹಿಡಿಯುವುದು, ಆಮೇಲೆ ಪರದೆಯ ಮೇಲಿನ ಚಿತ್ರ ನೋಡಿ ಟೈಪ್ ಮಾಡುವುದು. ಹದಿನೆಂಟು ದಿನದಲ್ಲಿ ಇನ್ನೂರ ಹನ್ನೆರಡು ಪುಟ ಮುಗಿಸಿದಳು. ಇದರಲ್ಲಿ ಒಂದೇ ಒಂದು ಪುಟವನ್ನೂ ಅವಳು ಓದಲಿಲ್ಲ. ಇದು ಹೊರಗಿನವರಿಗೆ ವಿಚಿತ್ರವೆನಿಸಬಹುದು, ಆದರೆ ಕಸುಬಿನ ಟೈಪಿಸ್ಟುಗಳು ಓದುವುದಿಲ್ಲ. ಓದಿದರೆ ಕೈ ನಿಧಾನವಾಗುತ್ತದೆ. ಕಣ್ಣಿನಿಂದ ಅಕ್ಷರ ನೇರವಾಗಿ ಬೆರಳಿಗೆ ಇಳಿಯಬೇಕು, ನಡುವೆ ತಲೆಗೆ ಹೋಗಿ ಕಾಫಿ ಕುಡಿದು ಬರಬಾರದು.

ಮುಗಿದ ದಿನ ಅಂಗಡಿಯವನು ಫೋನು ಮಾಡಿದ.

‘ಅತ್ತೆ, ಸೂಪರ್. ಮೊದಲನೇ ಪುಟಕ್ಕೆ ನಿಮ್ಮ ಎಂಟ್ರಿ ಹಾಕೋಣ. ತಾತ ತಂದೆ ಅಂತ ಸಹಿ ಹಾಕಿದಾರಲ್ಲ, ಅದು. ಇಡೀ ಪುಸ್ತಕದಲ್ಲಿ ಅದೊಂದೇ ಮನಸ್ಸಿಗೆ ತಟ್ಟೋದು. ಉಳಿದಿದ್ದೆಲ್ಲ ಬರೀ ಸಾಮಾನು.’

ಪುಟ್ಟಿ ಹಿಗ್ಗಿ ಹೀರೇಕಾಯಿಯಾದಳು. ಇನ್ನೂರು ಪುಟ ದಾಟಿಕೊಂಡು ಹೋಗುವ ಬದಲು, ಹುಡುಕುವ ಜಾಗದಲ್ಲಿ ‘ತಂದೆ’ ಎಂದು ಹೊಡೆದಳು. ಒಂದು ಸಿಗಬೇಕಿತ್ತು. ನಲವತ್ತೇಳು ಸಿಕ್ಕವು.

ಪರದೆಯ ಬಲಗಡೆ ಸಾಲು ಸಾಲಾಗಿ ಹಳದಿ ಬಣ್ಣ ಬಳಿದುಕೊಂಡು ನಿಂತಿದ್ದವು. ‘ಗೋಡೆ ಗಡಿಯಾರ ತಂದೆ’. ‘ಕಬ್ಬಿಣದ ಮಂಚ ಒಂದು ತಂದೆ’. ‘ಇಲಿ ಬೋನು ತಂದೆ’. ಮೊದಲು ಅವಳಿಗೆ ನಗು ಬಂತು. ಅಪ್ಪ ಇಲಿ ಬೋನಿಗೂ ತಂದೆಯೇ! ಗಡಿಯಾರಕ್ಕೂ ಪಿತೃವಾತ್ಸಲ್ಯ! ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಅಕ್ಕನಿಗೆ ಹೇಳಬೇಕೆಂದು ಫೋನೂ ಎತ್ತಿಕೊಂಡಳು. ಪಟ್ಟಿಯಲ್ಲಿ ಹತ್ತೊಂಬತ್ತನೆಯದು ‘ರೇಡಿಯೊ ತಂದೆ’. ಇಪ್ಪತ್ತೊಂದನೆಯದು ‘ಹೊಲಿಗೆ ಯಂತ್ರ ತಂದೆ’. ನಡುವೆ ಇಪ್ಪತ್ತನೆಯದಾಗಿ ಅವಳಿದ್ದಳು.

ಪುಟ್ಟಿ ಫೋನು ಕೆಳಗಿಟ್ಟಳು.

ಇಲ್ಲ, ನನ್ನದರಲ್ಲಿ ಪೂರ್ಣವಿರಾಮ ಇದೆ ಎಂದು ಗಟ್ಟಿಯಾಗಿ ಹೇಳಿಕೊಂಡಳು. ‘ಹೆಣ್ಣು ಮಗು’, ಚುಕ್ಕಿ, ‘ತಂದೆ’. ರೇಡಿಯೊಗೆ ಚುಕ್ಕಿ ಇಲ್ಲ. ಇಲಿ ಬೋನಿಗೂ ಇಲ್ಲ. ಒಂದು ಚುಕ್ಕಿ ಇದ್ದರೆ ಅಪ್ಪ, ಇಲ್ಲದಿದ್ದರೆ ಸಾಮಾನು. ವ್ಯಾಕರಣ ಅಂದರೆ ಇದು. ಸಮಾಧಾನಕ್ಕೆಂದು ಚುಕ್ಕಿಯನ್ನೇ ಹುಡುಕಲು ಹಾಕಿದಳು. ಇನ್ನೂರ ಹನ್ನೆರಡು ಪುಟದಲ್ಲಿ ಒಂದೇ ಒಂದು ಚುಕ್ಕಿ ಸಿಕ್ಕಿತು, ಎಂಬತ್ತೆಂಟನೇ ಪುಟದಲ್ಲಿ. ಉಳಿದ ಕಡೆ ಅಪ್ಪ ಚುಕ್ಕಿಯನ್ನೇ ಇಟ್ಟಿರಲಿಲ್ಲ. ಸಾಲು ಮುಗಿದರೆ ಮುಗಿಯಿತು, ಉಗ್ರಾಣದವರು ಅದಕ್ಕೆ ಬೇರೆ ಗುರುತು ಹಾಕುವುದಿಲ್ಲ. ನಲವತ್ತೊಂದು ವರ್ಷ ಚುಕ್ಕಿಯ ಹಂಗಿಲ್ಲದೆ ಬದುಕಿದ ಮನುಷ್ಯನಿಗೆ ಒಂದೇ ದಿನ, ಒಂದೇ ಸಾಲಿನಲ್ಲಿ, ಅದೂ ಸಾಲಿನ ನಡುವೆ, ಚುಕ್ಕಿಯ ಮೇಲೆ ಪ್ರೀತಿ ಉಕ್ಕಿತ್ತು.

ರಿಜಿಸ್ಟರು ತಂದು ಆ ಪುಟವನ್ನು ಮತ್ತೆ ಸ್ಕ್ಯಾನರಿನ ಮೇಲಿಟ್ಟಳು. ಈ ಸಲ ದೊಡ್ಡದಾಗಿ ಕಾಣಲೆಂದು ಆ ಒಂದು ಹಾಳೆಯನ್ನಷ್ಟೇ ಗಾಜಿನ ಮೇಲೆ ಹರಡಿ, ಉಳಿದ ಪುಸ್ತಕವನ್ನು ಕೈಯಲ್ಲಿ ಎತ್ತಿ ಹಿಡಿದಳು. ದೀಪದ ಪಟ್ಟಿ ಗಾಜಿನ ಕೆಳಗೆ ಮೆಲ್ಲಗೆ ಸರಿಯಿತು. ‘ಮಗು’ ದಾಟಿ ‘ತಂದೆ’ಗೆ ಬರುವಾಗ ಪೂರ್ಣವಿರಾಮದೊಳಗಿಂದ ಬೆಳಕು ಸೂಜಿಯಂತೆ ಹೊರಗೆ ಬಂತು.

ಚುಕ್ಕಿಯಲ್ಲ, ತೂತು.

ಹಾಳೆ ಎತ್ತಿ ಕಿಟಕಿಯ ಎದುರು ಹಿಡಿದು ನೋಡಿದಳು. ಅಂಚು ಕಪ್ಪಾಗಿದ್ದ ಸಣ್ಣ ತೂತು. ಹಿಂದಿನ ಎರಡು ಹಾಳೆಗಳನ್ನೂ ಅದು ಅಕ್ಷರವಿಲ್ಲದ ಜಾಗದಲ್ಲಿ ದಾಟಿತ್ತು. ಮೂರನೆಯದರಲ್ಲಿ ಬರೀ ತಗ್ಗು. ಹುಳು! ಅವಳನ್ನು ಇಷ್ಟು ವರ್ಷ ಅಪ್ಪನ ಮಗಳಾಗಿ ಇಟ್ಟದ್ದು ಒಂದು ಪುಸ್ತಕದ ಹುಳು. ಅದೂ ಎಂಥ ಹುಳು! ಇಷ್ಟು ಬಿಟ್ಟರೆ ಪುಸ್ತಕದ ಬೇರೆ ಯಾವ ಪುಟದಲ್ಲೂ ಒಂದು ಗೀರು ಇಲ್ಲ. ಈ ಒಂದು ಸಾಲಿನ ಈ ಒಂದು ಜಾಗದಲ್ಲಿ ಒಂದೇ ತುತ್ತು ತಿಂದು, ತೃಪ್ತಿಯಾಗಿ, ವೈರಾಗ್ಯ ತಾಳಿ ಹೊರಟುಹೋಗಿತ್ತು.

‘ಹುಟ್ಟಿತು’ ಎಂದು ಹುಡುಕಿದಳು. ಎರಡು ಸಿಕ್ಕವು: ದೊಡ್ಡಣ್ಣ, ಅಕ್ಕ. ಆಗ ಒಂದೊಂದೇ ನೆನಪಾಯಿತು. ನಾನು ಹುಟ್ಟಿದಾಗ ಹೇಗಿದ್ದೆ ಎಂದು ಕೇಳಿದರೆ ಅಮ್ಮ ‘ನೀನು ಬಂದ ವಾರ ಹೊಲಿಗೆ ಯಂತ್ರ ಬಂತು’ ಎಂದು ಯಂತ್ರದ ಕಥೆಗೆ ತಿರುಗುತ್ತಿದ್ದಳು. ಬಂದ ವಾರ. ಅಮ್ಮ ಒಂದು ಸಲವೂ ಹುಟ್ಟಿದ ವಾರ ಎಂದಿರಲಿಲ್ಲ. ಮೂಲದಲ್ಲಿದ್ದದ್ದನ್ನು ಇದ್ದಂತೆಯೇ ಹೇಳುವ ಗುಣ ತನಗೆ ಎಲ್ಲಿಂದ ಬಂತೆಂದು ಪುಟ್ಟಿಗೆ ಈಗ ತಿಳಿಯಿತು, ರಕ್ತದಿಂದಲ್ಲ ಎಂಬುದೂ ತಿಳಿಯಿತು.

ಮರುದಿನ ಅವಳು ಕಚೇರಿಯ ಹೊತ್ತಿನಲ್ಲಿ ಕೂರಲಿಲ್ಲ. ಅದರ ಮರುದಿನವೂ ಇಲ್ಲ. ದುಃಖವಾಗಿತ್ತು. ಅರವತ್ತೆರಡು ವರ್ಷಕ್ಕೆ ಅನಾಥೆಯಾಗುವುದು ನಗೆಪಾಟಲಿನ ವಿಷಯವೆಂದು ಅವಳಿಗೂ ಗೊತ್ತಿತ್ತು. ದುಃಖಕ್ಕಿಂತ ಹೆಚ್ಚಾಗಿ ಅಪ್ಪನ ಮೇಲೆ ಸಿಟ್ಟು. ಎತ್ತಿಕೊಂಡು ಬಂದದ್ದಕ್ಕಲ್ಲ. ಆ ದಿನವಾದರೂ ಬೇರೊಂದು ಕ್ರಿಯಾಪದ ಸಿಗಲಿಲ್ಲವೇ ಈ ಮಹಾನುಭಾವನಿಗೆ? ಸಿಟ್ಟಿನಲ್ಲೇ ಉಳಿದ ಸಾಮಾನುಗಳ ಗತಿ ಏನಾಯಿತೆಂದು ಹುಡುಕಿ ನೋಡಿದಳು. ರೇಡಿಯೊ ‘ಕೆಟ್ಟಿತು’. ಮಂಚ ‘ಕೊಟ್ಟೆ’. ಇಲಿ ಬೋನು ‘ಕಾಣೆ’. ಬಂದದ್ದಕ್ಕೆಲ್ಲ ಹೋದ ಸಾಲು ಇತ್ತು, ಅವಳೊಬ್ಬಳಿಗೆ ಇರಲಿಲ್ಲ. ಉಗ್ರಾಣದ ಭಾಷೆಯಲ್ಲಿ ಇದಕ್ಕೆ ಸಾಮಾನು ಇನ್ನೂ ಒಳಗಿದೆ ಎಂದು ಅರ್ಥ. ಇದನ್ನು ಸಮಾಧಾನವೆಂದು ತೆಗೆದುಕೊಳ್ಳಲು ಅವಳು ಒಪ್ಪಲಿಲ್ಲ.

ಈಗ ಪ್ರಶ್ನೆ ಒಂದೇ. ಚುಕ್ಕಿ ಇಡಬೇಕೆ, ಬಿಡಬೇಕೆ? ಇಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೊದಲ ಪುಟದಲ್ಲಿ ಅವಳ ಸಾಲು ಮೆರೆಯುತ್ತದೆ, ಅಕ್ಕನ ಹೊಟ್ಟೆ ಎಂದಿನಂತೆ ಉರಿಯುತ್ತದೆ, ಅವಳು ಸಾಯುವವರೆಗೂ ಸಹಿ ಹಾಕಿಸಿಕೊಂಡ ಮಗಳಾಗಿರುತ್ತಾಳೆ. ಬಿಟ್ಟರೆ ರೇಡಿಯೊ ಮತ್ತು ಹೊಲಿಗೆ ಯಂತ್ರದ ನಡುವೆ ಹೋಗಿ ನಿಲ್ಲಬೇಕು, ಅದೂ ತನ್ನ ಕೈಯಾರೆ, ಮುಂದಿನ ಪೀಳಿಗೆಯ ಎದುರು. ಎರಡು ದಿನ ಆ ಒಂದು ಕೀಲಿಯ ಮೇಲೆ ಬೆರಳಿಟ್ಟು ತೆಗೆದಳು. ಕೊನೆಗೆ ಕಚೇರಿಯ ಹಟವೇ ಗೆದ್ದಿತು. ಊರವರ ಮನೆಪತ್ರಗಳಲ್ಲಿ ಒಂದು ಕೊಂಬು ಆಚೀಚೆ ಮಾಡದವಳು ತನ್ನ ಪತ್ರದಲ್ಲಿ ಹುಳುವಿನ ಎಂಜಲನ್ನು ಅಕ್ಷರವೆಂದು ಬರೆಯಲಾರೆ ಎಂದು ಚುಕ್ಕಿ ಅಳಿಸಿದಳು. ‘ಹೆಣ್ಣು ಮಗು ತಂದೆ’. ಅಂಗಡಿಯವನ ಮೊದಲ ಪುಟಕ್ಕೆ ಅಪ್ಪನ ಫೋಟೊ ಹಾಕಿದಳು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಕಡತವನ್ನು ಗುಂಪಿಗೆ ಕಳಿಸಿ, ಗಲ್ಲಿಗೆ ಕತ್ತು ಒಡ್ಡಿದವಳಂತೆ ಕೂತಳು. ಇನ್ನೂರ ಹನ್ನೆರಡು ಪುಟದ ಮನೆತನದ ಇತಿಹಾಸಕ್ಕೆ ಮೊದಲ ಹೆಬ್ಬೆರಳು ಒಂಬತ್ತನೇ ಸೆಕೆಂಡಿಗೆ ಬಂತು. ಸೊಸೆ ಚಪ್ಪಾಳೆ ಹಾಕಿದಳು, ಈ ಸಲ ಐದು. ನಾಲ್ಕನೇ ನಿಮಿಷಕ್ಕೆ ಅಕ್ಕ, ‘ಒಂದೊಂದು ಸಾಲೂ ಓದಿದೆ, ಕಣ್ಣು ತುಂಬಿ ಬಂತು’ ಎಂದಳು. ಅಂಗಡಿಯವನು ‘ಸೂಪರ್ ಅತ್ತೆ, ಪುರುಸೊತ್ತಾದಾಗ ನೋಡ್ತೀನಿ’ ಎಂದ. ಇಷ್ಟು ಜನರಲ್ಲಿ ಪ್ರಾಮಾಣಿಕ ಅವನೊಬ್ಬನೇ. ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ಯಾರದೋ ಹೊಸ ಸೋಫಾದ ಫೋಟೊ ಬಂದು ಇತಿಹಾಸ ಮೇಲಕ್ಕೆ ಸರಿದುಹೋಯಿತು. ತನ್ನನ್ನು ಮನೆಯಿಂದ ಹೊರಗಿಡುವ ಆ ಸಾಲನ್ನು ಎಲ್ಲರಿಗೂ ಕಳಿಸಿದ್ದಳು, ಒಬ್ಬರೂ ತೆರೆದು ನೋಡಿರಲಿಲ್ಲ. ಬಚಾವಾದೆ ಎನ್ನಬೇಕೋ, ಅದಕ್ಕೂ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಸಭಾಪತಿಯಿಂದ ಮಾತ್ರ ಏನೂ ಬಂದಿರಲಿಲ್ಲ. ಸಂಜೆ ಐದಕ್ಕೆ ಫೋನು ಬಂತು. ಹಲೋ ಇಲ್ಲ, ಹೇಗಿದೀಯ ಇಲ್ಲ.

‘ಎಂಬತ್ತೆಂಟನೇ ಪುಟ’ ಎಂದ.

‘ಏನೀಗ?’

‘ಒಂದು ಚುಕ್ಕಿ ಬಿಟ್ಟಿದೀಯ.’

‘ಬಿಟ್ಟಿಲ್ಲ. ಅದು ಚುಕ್ಕಿ ಅಲ್ಲ. ಹುಳು ತಿಂದ ತೂತು.’

ಆ ಕಡೆ ಕೋಣೆಯ ಬಾಗಿಲು ಹಾಕಿದ ಸದ್ದು ಬಂತು.

‘ಹುಳು ಅಲ್ಲ ಕಣೆ’ ಎಂದ ದೊಡ್ಡಣ್ಣ. ‘ನಾನು.’

‘ಏನು ನೀನು?’

‘ನಿನಗಾಗ ಆರು ವರ್ಷ. ಹೊಸದಾಗಿ ಓದೋಕೆ ಕಲ್ತಿದ್ದೆ. ಬೆಂಕಿಪೊಟ್ಟಣದ ಮೇಲಿರೋದನ್ನೂ ಬಿಡ್ತಿರಲಿಲ್ಲ ನೀನು, ಎಲ್ಲ ಗಟ್ಟಿಯಾಗಿ ಓದೋದೇ. ಒಂದಿನ ಅಪ್ಪ ರಿಜಿಸ್ಟರ್ ಮೇಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋಗಿದ್ರು. ನಂದೆಲ್ಲಿದೆ, ನಂದೆಲ್ಲಿದೆ ಅಂತ ಹಟ ಹಿಡಿದೆ. ನಾನು ಪುಟ ಹುಡುಕಿದೆ. ನೋಡಿದ್ರೆ ಹಾಗಿತ್ತು. ನೀನು ಓಡಿ ಬರ್ತಾ ಇದೀಯ. ಪೆನ್ನು ಅಪ್ಪನ ಜೇಬಲ್ಲಿ. ನನ್ನ ಕೈಯಲ್ಲಿ ಕೈವಾರ ಇತ್ತು, ಲೆಕ್ಕದ ಹೋಂವರ್ಕ್ ಮಾಡ್ತಿದ್ದೆ. ಅದರ ಮುಳ್ಳಲ್ಲಿ ಚುಚ್ಚಿಬಿಟ್ಟೆ.’

ಪುಟ್ಟಿ ರಿಜಿಸ್ಟರನ್ನು ಹತ್ತಿರ ಎಳೆದುಕೊಂಡು ತೂತಿನ ಮೇಲೆ ಬೆರಳಿಟ್ಟಳು.

‘ಆಮೇಲೆ ನಾನೇ ಓದಿ ಹೇಳ್ದೆ. ಹೆಣ್ಣು ಮಗು, ಚುಕ್ಕಿ, ತಂದೆ. ನೋಡು, ಅಪ್ಪ ಸಹಿ ಹಾಕಿದಾರೆ, ನಮಗ್ಯಾರಿಗೂ ಹಾಕಿಲ್ಲ ಅಂತ. ನೀನು ಕೇರಿಗೆಲ್ಲ ಹೇಳ್ಕೊಂಡು ಬಂದೆ.’

‘ಅಪ್ಪನಿಗೆ ಗೊತ್ತಾಗಲಿಲ್ವಾ?’

‘ಉಗ್ರಾಣದಲ್ಲಿ ಒಂದು ಮೊಳೆ ಕಮ್ಮಿ ಆದ್ರೂ ಗೊತ್ತಾಗ್ತಿತ್ತು ಅವರಿಗೆ. ಇದು ಗೊತ್ತಾಗಲ್ವಾ? ನನ್ನ ಮುಖ ನೋಡಿದ್ರು. ಏನೂ ಅನ್ನಲಿಲ್ಲ. ಅವತ್ತಿಂದ ರಿಜಿಸ್ಟರ್ ನಿನ್ನ ಕೈಗೆ ಸಿಗದ ಹಾಗೆ ಬೀರುವಿನ ಮೇಲಿನ ಹಲಗೆಗೆ ಹೋಯ್ತು, ಅಷ್ಟೆ. ಸಾಯೋ ಮುಂಚೆ ಬೀಗದ ಕೈ ನನಗೆ ಕೊಟ್ರು.’

‘ನಾನು ಯಾರ ಮಗಳು?’

‘ಉಗ್ರಾಣದಲ್ಲಿ ಅಪ್ಪನ ಜೊತೆ ಕೆಲಸ ಮಾಡ್ತಿದ್ದೋರದು. ತಾಯಿ ಹೆರಿಗೇಲೇ ಹೋದ್ರು. ಅವರೂ ಹೆಚ್ಚು ದಿನ ಉಳಿಯಲಿಲ್ಲ. ಅಪ್ಪ ಹೊಲಿಗೆ ಯಂತ್ರ ತರ್ತೀನಿ ಅಂತ ಹೊರಟವರು ಮಧ್ಯಾಹ್ನಕ್ಕೆ ನಿನ್ನ ಎತ್ಕೊಂಡು ಬಂದ್ರು. ಯಂತ್ರ ಎಲ್ಲಿ ಅಂತ ಅಮ್ಮ ಕೇಳಲೇ ಇಲ್ಲ ಪುಟ್ಟಿ. ಕೈ ಒರೆಸ್ಕೊಂಡು ಬಂದು ಎತ್ಕೊಂಡಳು.’

ಪುಟ್ಟಿಗೆ ಈಗ ಅಳು ಬಂತು, ಬಂದ ಅಳು ಬೈಗುಳವಾಗಿ ಹೊರಟಿತು. ‘ಬಾಗಿಲಿನ ಬಣ್ಣದಿಂದ ಹಿಡಿದು ಕಂಡೋರ ಹಲ್ಲಿನವರೆಗೆ ಎಲ್ಲದಕ್ಕೂ ಬಾಯಿ ಹಾಕ್ತೀಯಲ್ಲ, ಇದೊಂದಕ್ಕೆ ಐವತ್ತಾರು ವರ್ಷ ಬಾಯಿ ಮುಚ್ಕೊಂಡು ಕೂತಿದ್ದೆಯಾ! ನಾನು ನಿನಗೆ ನಲ್ಲಿ ರಿಪೇರಿ ಅಂತ ಎಷ್ಟು ಸಲ ಅಂದಿದೀನಿ, ಆಗಲಾದ್ರೂ ಹೇಳೋಕೆ ಏನಾಗಿತ್ತು?’

‘ಅನ್ನಲಿ ಬಿಡು ಅಂತ ಇದ್ದೆ’ ಎಂದ ಸಭಾಪತಿ. ‘ಈಗ ಚುಕ್ಕಿ ಇಟ್ಟು ಇನ್ನೊಂದ್ಸಲ ಕಳಿಸು. ಬೆಳಗ್ಗೆಯಿಂದ ಅಷ್ಟೂ ಪುಟ ನೋಡಿ ಕಣ್ಣು ಹೋಗಿದೆ ನಂದು.’

‘ಮೂಲದಲ್ಲಿ ಇಲ್ಲದ್ದನ್ನ ನಾನು ಹೊಡೆಯಲ್ಲ.’

‘ಇದೆಯಲ್ಲೇ! ಐವತ್ತಾರು ವರ್ಷದಿಂದ ಇದೆ.’

‘ಅದು ತಿದ್ದುಪಡಿ. ತಿದ್ದುಪಡಿ ಪಕ್ಕದಲ್ಲಿ ತಿದ್ದಿದವರ ಸಹಿ ಇರ್ಬೇಕು. ಇಲ್ದಿದ್ರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಯಾವ ಆಫೀಸಲ್ಲಿ ಬೇಕಾದ್ರೂ ಕೇಳ್ಕೊ. ಬಂದು ಸಹಿ ಹಾಕು.’

ಮರುದಿನ ಬೆಳಗ್ಗೆ ಒಂಬತ್ತಕ್ಕೇ ಬಂದ. ಮೂರು ಮಹಡಿಯನ್ನೂ, ಕಟ್ಟಿದವರನ್ನೂ ಬೈಯುತ್ತಾ ಹತ್ತಿ ಬಂದು, ಈ ಕುರ್ಚಿಯ ಕಾಲು ಸರಿಯಿಲ್ಲವೆಂದೂ ಆ ಪರದೆಯ ಬಣ್ಣ ಸರಿಯಿಲ್ಲವೆಂದೂ ಹೇಳಿ, ಕೊನೆಗೆ ಹೇಳುವುದು ಏನೂ ಉಳಿಯದೆ ಮೇಜಿನ ಮುಂದೆ ಕೂತ. ಪುಟ್ಟಿ ಎಂಬತ್ತೆಂಟನೇ ಪುಟ ತೆರೆದಿಟ್ಟಳು. ಪೆನ್ನು ಕೊಟ್ಟಳು. ಎಲ್ಲಿ ಹಾಕಲಿ ಎಂದು ಕೇಳಿದ. ತೂತಿನ ಪಕ್ಕ, ಖಾಲಿ ಜಾಗದಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ಕನ್ನಡಕ ಏರಿಸಿಕೊಂಡು ಬಗ್ಗಿದ. ಎರಡೇ ಅಕ್ಷರ ಬರೆಯಲು ಅವನಿಗೆ ಒಂದು ದೊಡ್ಡ ಅರ್ಜಿ ಬರೆಯುವಷ್ಟು ಹೊತ್ತು ಹಿಡಿಯಿತು.

ಪುಟ್ಟಿ ಬಗ್ಗಿ ಓದಿದಳು. ಅವನು ಹೆಸರು ಬರೆದಿರಲಿಲ್ಲ. ‘ಅಣ್ಣ’ ಎಂದು ಬರೆದಿದ್ದ.

ಅವಳು ಮುಖ ಆಚೆ ತಿರುಗಿಸಿಕೊಂಡು, ಕಚೇರಿಯ ದನಿ ತಂದುಕೊಂಡು, ‘ಸಹಿ ಕೆಳಗೆ ದಿನಾಂಕ ಬೇಕು’ ಎಂದಳು.

‘ಯಾವತ್ತಿಂದು ಹಾಕ್ಲಿ? ಇವತ್ತಿಂದೋ, ಚುಚ್ಚಿದ ದಿನದ್ದೋ?’

‘ಎರಡೂ ಬೇಡ. ನಾನು ಬಂದ ದಿನದ್ದು ಹಾಕು.’